ನನ್ನ ಲಿವರಿನ ಕೊಬ್ಬು

ಮಾರ್ಚ್ 4, ಸೋಮವಾರ

ಬೆಳಿಗ್ಗೆ ನಾಲ್ಕು ಜನಕ್ಕೆ ಡ್ರೈವಿಂಗ್ ಪಾಠ. ತೋಫು ಅಂಗಡಿಯ ಅಜ್ಜಿ ಇವತ್ತೂ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದಳು. ನನ್ನ ಕಡೆಯ ಬ್ರೇಕ್ ತುಳಿದೆ. ಸೊಂಟ ಹಿಡಿದುಕೊಂಡಿತು. "ಟೀಚರ್, ನೀವು ಪಕ್ಕದಲ್ಲಿದ್ರೆ ನಂಗೆ ಭಯಾನೇ ಆಗಲ್ಲ ನೋಡಿ" ಅಂದಳು. ನನಗೆ ಆಗುತ್ತದೆ ಎಂದು ಹೇಳಲಿಲ್ಲ.

ಊಟದ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಗಂಡು ದನಿ, ಚಿಕ್ಕ ವಯಸ್ಸು.

"ಮಾ ಇನ್‌ಹೇ ಅವರಾ? ನಾನು... ಮಾ ಜಿನ್‌ಮೊ. ಇಂಚೆನ್‌ನವನು."

ಹೆಸರು ಗೊತ್ತು. ಅಪ್ಪ ಎನ್ನಬೇಕಾದ ಆ ಮನುಷ್ಯನ ಎರಡನೇ ಮದುವೆಯ ಮಗ.

"ಅಕ್ಕಾ ಅನ್ನಬಹುದಾ?"

"ವಿಷಯ ಹೇಳಿ."

ಹೇಳಿದ. ಬಾಯಿಪಾಠ ಮಾಡಿಕೊಂಡವನ ಹಾಗೆ, ಒಂದೇ ಉಸಿರಿಗೆ. ಅಪ್ಪನ ಲಿವರ್ ಪೂರ್ತಿ ಹೋಗಿದೆ. ಸಿಯೋಲ್‌ನ ದೊಡ್ಡಾಸ್ಪತ್ರೆಯಲ್ಲಿದ್ದಾರೆ. ರಕ್ತಸಂಬಂಧಿ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಉಳಿಯಬಹುದು. ತಾನು ಕೊಡುವ ಹಾಗಿಲ್ಲ, ಹುಟ್ಟುವಾಗಲೇ ತಾಯಿಯಿಂದ ಹೆಪಟೈಟಿಸ್ ಬಿ ವೈರಸ್ ಬಂದಿದೆ. ತಾಯಿ ತೀರಿಕೊಂಡು ಎರಡು ವರ್ಷ. ಬೇರೆ ಯಾರೂ ಇಲ್ಲ.

"ಯೋಚನೆ ಮಾಡ್ತೀನಿ" ಅಂದೆ.

ಮಧ್ಯಾಹ್ನವೆಲ್ಲ ಕಾರಿನಲ್ಲಿ ಹಾಡು ಗುನುಗುತ್ತಿದ್ದೆ. ಕಲಿಯಲು ಬಂದ ಹುಡುಗಿ ಕೇಳಿದಳು, ಏನು ಟೀಚರ್ ಇಷ್ಟು ಖುಷಿ ಅಂತ. ನಾನು ಹತ್ತು ವರ್ಷದವಳಿದ್ದಾಗ ಮನೆ ಬಿಟ್ಟು ಹೋದ ಮನುಷ್ಯ. ಈಗ ಅವನಿಗೆ ನನ್ನಿಂದ ಏನೋ ಬೇಕಾಗಿದೆ. ಅದೂ ನನ್ನ ಹೊಟ್ಟೆಯೊಳಗಿನದು.

ಮಾರ್ಚ್ 5

ಅಮ್ಮನಿಗೆ ಹೇಳಿದೆ. ಮಾರ್ಕೆಟ್ಟಿನಲ್ಲಿ ಅವಳ ಪಲ್ಯ-ಉಪ್ಪಿನಕಾಯಿ ಅಂಗಡಿ. ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಇನ್ನೂ ಬದುಕಿದ್ದಾನಾ ಅವನು?"

"ಸಾಯೋ ಹಾಗಿದ್ದಾನೆ."

"ಸಾಯ್ಲಿ ಬಿಡು. ನೀನೇನಾದ್ರೂ ಹೊಟ್ಟೆ ಕೊಯ್ಯಿಸ್ಕೊಂಡು ಬಂದ್ರೆ ಈ ಅಂಗಡಿ ಕಡೆ ತಲೆ ಹಾಕ್ಬೇಡ."

"ಕೊಡಲ್ಲ ಅಮ್ಮ."

"ಮತ್ತೇನು, ಆಗಲ್ಲ ಅಂತ ಹೇಳು. ಮುಗೀತು."

"ಅಷ್ಟು ಬೇಗ ಮುಗಿಸೋಕೆ ಇಷ್ಟ ಇಲ್ಲ."

ಆಗ ತಲೆ ಎತ್ತಿದಳು. ನಾನು ಬೆಳ್ಳುಳ್ಳಿ ಎತ್ತಿಕೊಂಡೆ.

ಇಲ್ಲಿ ಯಾರೂ ಓದುವುದಿಲ್ಲ. ಬರೆದುಬಿಡುತ್ತೇನೆ.

ಆಗ ನನಗೆ ಹದಿನಾಲ್ಕು ವರ್ಷ. ಅಮ್ಮನ ಹೊಟ್ಟೆಯ ಹುಣ್ಣು ಒಡೆದು ಆಸ್ಪತ್ರೆಗೆ ಹಾಕಿದ್ದರು. ಆಪರೇಷನ್‌ಗೆ ಗಂಡನ ಸಹಿ ಬೇಕು ಅಂದರು. ಒಬ್ಬಳೇ ಬಸ್ಸು ಹತ್ತಿ ಇಂಚೆನ್‌ಗೆ ಹೋದೆ. ಆ ಮನುಷ್ಯನ ಮನೆ ಬಾಗಿಲಲ್ಲಿ ರಾಶಿ ಚಪ್ಪಲಿ, ಶೂ. ಒಳಗೆ ನಗು. ಮಗುವಿನ ಮೊದಲ ಹುಟ್ಟುಹಬ್ಬ. ಬಾಗಿಲ ಸಂದಿಯಿಂದ ಕಂಡಿತು, ಬಣ್ಣದ ರೇಷ್ಮೆ ತೊಡಿಸಿ ಕೂರಿಸಿದ್ದರು. ಆ ಮನುಷ್ಯ ಹೊರಗೆ ಬಂದು ಬಾಗಿಲು ಎಳೆದುಕೊಂಡ. ಮೆಟ್ಟಿಲ ಮೇಲೆ ನಿಂತೇ ಕೇಳಿಸಿಕೊಂಡ. "ನೀನು ಬಸ್ ಸ್ಟ್ಯಾಂಡಲ್ಲಿರು. ಬರ್ತೀನಿ" ಅಂದ. ಒಳಗಿನಿಂದ ಒಂದು ಪೊಟ್ಟಣ ತಂದು ಕೈಗಿಟ್ಟ. ಹಬೆಯಲ್ಲಿ ಬೇಯಿಸಿದ ಬಿಳಿ ಅಕ್ಕಿಯ ಕಡುಬು. ನಾನು ತಲೆ ಬಾಗಿಸಿ, ಎರಡೂ ಕೈಯಲ್ಲಿ ತೆಗೆದುಕೊಂಡೆ.

ಕೊನೆಯ ಬಸ್ಸಿನವರೆಗೆ ಕಾದೆ. ಬರಲಿಲ್ಲ. ಸಹಿ ಆಮೇಲೆ ಸೋದರಮಾವ ಹಾಕಿದ. ಅಮ್ಮ ಉಳಿದಳು. ಅದಲ್ಲ ವಿಷಯ. ಬಸ್ಸಿನಲ್ಲಿ ಆ ಕಡುಬನ್ನು ಒಂದು ಚೂರೂ ಬಿಡದೆ ತಿಂದೆ. ಹಸಿವಾಗಿತ್ತು. ರುಚಿಯಾಗಿಯೂ ಇತ್ತು.

ಅದಕ್ಕೇ ಈಗ ಆಗಲ್ಲ ಎಂದು ಹೇಳುವುದಿಲ್ಲ. ಹೇಳಿದರೆ ಅವನಿಗೆ ಒಂದು ದಿನದ ಸಂಕಟ. ಕೊಡುತ್ತೇನೆ ಎನ್ನುತ್ತೇನೆ. ಟೆಸ್ಟಿಗೆ ಹೋಗುತ್ತೇನೆ. ಅವನು ದಿನ ಎಣಿಸುತ್ತ ಕಾಯಲಿ. ಸ್ಟ್ರೆಚರ್ ಮೇಲೆ ಮಲಗಿಸುವವರೆಗೂ ಕಾಯಲಿ. ಆಮೇಲೆ—

ಮಾರ್ಚ್ 19, ಮಂಗಳವಾರ. ಸಿಯೋಲ್‌ನಿಂದ ವಾಪಸ್ ಬಸ್ಸಿನಲ್ಲಿ

ರಕ್ತ ಎಷ್ಟು ಸೀಸೆ ಎಳೆದರೋ. ಆಮೇಲೆ ಅಲ್ಟ್ರಾಸೌಂಡ್. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್.

"ಉಸಿರು ಹಿಡೀರಿ... ಬಿಡಿ. ಕುಡಿಯೋ ಅಭ್ಯಾಸ ಇದೆಯಾ?"

"ಇಲ್ಲ."

"ಸ್ವಲ್ಪಾನೂ?"

"ವಾಸನೆ ಬಂದ್ರೇ ಆಗಲ್ಲ."

ಡಾಕ್ಟರು ಅದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿದರು. ಪರದೆ ನನ್ನ ಕಡೆ ತಿರುಗಿಸಿದರು. "ಇಲ್ಲಿ ನೋಡಿ, ಲಿವರ್ ಬೆಳ್ಳಗೆ ಹೊಳೀತಿದೆ. ಪಕ್ಕದ ಕಿಡ್ನಿ ಕಪ್ಪಗಿದೆ. ಎರಡೂ ಒಂದೇ ಥರ ಇರ್ಬೇಕಿತ್ತು. ಕೊಬ್ಬು ತುಂಬಿರಬಹುದು. ಎಂಆರ್‌ಐ ಮಾಡಿ ನೋಡ್ಬೇಕು."

ಎಂಆರ್‌ಐ ಸಹ ಇವತ್ತೇ ಮಾಡಿದರು. ಸಂಜೆ ದಾನಿಗಳನ್ನು ನೋಡಿಕೊಳ್ಳುವ ನರ್ಸ್ ಬಾಂಗ್ ಬಾಗಿಲು ಹಾಕಿ ಕೂತರು. ಕೊಬ್ಬು ನೂರಕ್ಕೆ ಇಪ್ಪತ್ತರ ಮೇಲಿದೆಯಂತೆ. ಮೂವತ್ತು ದಾಟಿದರೆ ಆ ಲಿವರ್ ಮುಟ್ಟುವುದೇ ಇಲ್ಲವಂತೆ. ಏಳು ವಾರ ಸಮಯ. ತೂಕ ಇಳಿಸಿಕೊಂಡು ಬಂದರೆ ಮತ್ತೆ ನೋಡುತ್ತಾರೆ.

"ಇನ್ನೊಂದು ಮಾತು" ಅಂದರು. "ಕೊಡೋಕೆ ಮನಸ್ಸಿಲ್ಲ ಅಂದ್ರೆ ನನ್ನ ಹತ್ರ ಈಗ್ಲೇ ಹೇಳಿ. ಮನೆಯವರಿಗೆ, ದೇಹ ಹೊಂದಲ್ಲ ಅಂತಷ್ಟೇ ಹೇಳ್ತೀವಿ. ನಿಮ್ಮ ಹೆಸರು ಕೆಡಲ್ಲ."

"ಮನಸ್ಸಿದೆ" ಅಂದೆ. ನನ್ನ ಮುಖ ನೋಡಿದರು. ಬರೆದುಕೊಂಡರು.

ಆಮೇಲೆ ವಾರ್ಡು. ಜಿನ್‌ಮೊ ಎದ್ದು ನಿಂತ. ಉದ್ದ ಹುಡುಗ, ಬೆನ್ನು ಬಾಗಿದೆ. ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಉಬ್ಬಿಕೊಂಡು ಮಲಗಿದ್ದವನೇ ಆ ಮನುಷ್ಯ. ಕಣ್ಣಿನ ಬಿಳಿ ಅರಿಶಿನದ ನೀರಿನ ಹಾಗೆ. ಕೊಬ್ಬಿನ ವಿಷಯ ಜಿನ್‌ಮೊ ಮೆಲ್ಲಗೆ ಹೇಳಿದ. ಆ ಮನುಷ್ಯ ನನ್ನನ್ನು ಕಾಲಿನಿಂದ ಮೇಲಿನವರೆಗೆ ನೋಡಿದ.

"ದಪ್ಪಗಾಗಿದ್ದೀಯ."

ಇಷ್ಟು ವರ್ಷದ ಮೇಲೆ ಮೊದಲ ಮಾತು.

"ಬಾಯಿ ಕಟ್ಟು ಸ್ವಲ್ಪ ದಿನ" ಅಂದ ಆಮೇಲೆ.

"ಆಗ್ಲಿ" ಅಂದೆ. ತಲೆ ಬಾಗಿಸಿದೆ ಕೂಡ. ಈ ಕತ್ತು ಯಾಕೆ ತಾನಾಗಿ ಬಾಗುತ್ತದೋ.

ದಾರಿಯಲ್ಲಿ ಬಸ್ಸು ನಿಂತಾಗ ಬಿಸಿ ಅಕ್ರೋಟು ಬನ್ನಿನ ದೊಡ್ಡ ಚೀಲ ಕೊಂಡೆ. ಈಗ ತಿನ್ನುತ್ತಿದ್ದೇನೆ. ಫೋನಿನಲ್ಲಿ ಫ್ಯಾಟಿ ಲಿವರ್ ಅಂತ ಹುಡುಕಿದೆ. ಹಳದಿ ಬಣ್ಣದ, ಜಿಡ್ಡು ಜಿಡ್ಡಾದ ಚಿತ್ರಗಳು. ಬಿಟ್ಟರೆ ಉರಿಯೂತ, ಆಮೇಲೆ ಗಾಯದ ಕಲೆ, ಆಮೇಲೆ ಗಟ್ಟಿಯಾಗುವುದು. ಆ ಮನುಷ್ಯನದಾದ ಹಾಗೆ. ಒಂದು ಕ್ಷಣ ಬಲಪಕ್ಕೆಯ ಕೆಳಗೆ ಕೈ ಹೋಯಿತು. ಅಲ್ಲಿ ಏನೂ ನೋಯುತ್ತಿಲ್ಲ.

ಮಾರ್ಚ್ 20

ದಾರಿ ಸಿಕ್ಕಿತು. ತಾನಾಗಿ ಕೈಗೆ ಬಂದಿದೆ.

ಬಾಯಿ ಕಟ್ಟು ಅಂದನಲ್ಲ. ಕಟ್ಟುವುದಿಲ್ಲ. ಏಳು ವಾರ ತಿನ್ನುತ್ತೇನೆ. ಇಪ್ಪತ್ತನ್ನು ಮೂವತ್ತು ದಾಟಿಸುತ್ತೇನೆ. ಅವನು ಅಲ್ಲಿ ಉಪ್ಪಿಲ್ಲದ ಗಂಜಿ ಕುಡಿಯುತ್ತ, ಮಗಳು ಸಣ್ಣಗಾಗುತ್ತಿದ್ದಾಳೆ ಎಂದುಕೊಂಡು ಬದುಕಿರಲಿ.

ಬೆಳಿಗ್ಗೆ: ಕೆಂಪು ಅವರೆ ಹೂರಣದ ಬನ್ನು ಮೂರು. ಮಧ್ಯಾಹ್ನ: ಕರಿ ಸಾಸಿನ ನೂಡಲ್ಸ್, ದೊಡ್ಡ ಬಟ್ಟಲು, ಸಿಹಿ ಹಂದಿಮಾಂಸ ಜೊತೆಗೆ. ಸಂಜೆ: ಕರಿದ ಕೋಳಿ, ಇಡೀ. ಕೋಕ್.

ಮಾರ್ಚ್ 29

ಇದು ಕೆಲಸವೇ. ಹಸಿವಿಲ್ಲದೆ ತಿನ್ನುವುದು ಕಾರು ತಳ್ಳಿದ ಹಾಗೆ. ಮಧ್ಯಾಹ್ನದ ಪಾಠದಲ್ಲಿ ಕಣ್ಣು ಮುಚ್ಚಿಹೋಗುತ್ತದೆ. ಸೀಟ್‌ಬೆಲ್ಟ್ ಹೊಟ್ಟೆಗೆ ಕಚ್ಚುತ್ತದೆ.

ಜಿನ್‌ಮೊ ದಿನಾ ಬೆಳಿಗ್ಗೆ ಫೋಟೊ ಕಳಿಸುತ್ತಾನೆ. ಬೇಯಿಸಿದ ಮೊಟ್ಟೆ, ಟೊಮ್ಯಾಟೊ, ಸಿಹಿಗೆಣಸು. "ಅಕ್ಕಾ, ಇವತ್ತು ನನ್ನ ತಿಂಡಿ. ನಿಮ್ಮ ಜೊತೆ ನಾನೂ ಪಥ್ಯ ಮಾಡ್ತಿದೀನಿ. ಒಬ್ಬರೇ ಮಾಡೋದು ಕಷ್ಟ ಅಲ್ವಾ."

ನಾನು ತಟ್ಟೆ ತುಂಬ ಲೆಟ್ಯೂಸ್ ಎಲೆ ಜೋಡಿಸಿ ಫೋಟೊ ಕಳಿಸಿದೆ. ಆಮೇಲೆ ಅದೇ ಎಲೆಗಳಲ್ಲಿ ಹಂದಿಯ ಹೊಟ್ಟೆಮಾಂಸ ಸುತ್ತಿ ತಿಂದೆ.

ನಗು ಬಂತು. ಒಬ್ಬಳೇ ಕೂತು ನಕ್ಕೆ.

ಏಪ್ರಿಲ್ 6, ಶನಿವಾರ

ಜಿನ್‌ಮೊ ಹೇಳದೆ ಕೇಳದೆ ಬಂದುಬಿಟ್ಟ. ಡ್ರೈವಿಂಗ್ ಸ್ಕೂಲಿನ ಗೇಟಿನಲ್ಲಿ ನಿಂತಿದ್ದ, ಕೈಯಲ್ಲಿ ಕೆಂಪಕ್ಕಿಯ ಚೀಲ. ನಿಜವಾಗಿಯೂ ಇಳಿದಿದ್ದಾನೆ. ಗಲ್ಲ ಒಳಗೆ ಹೋಗಿದೆ. ನಾನು ದೊಗಲೆ ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆದುಕೊಂಡೆ.

ಕೆರೆಯ ಸುತ್ತ ನಡೆಯೋಣ ಅಂದ. ಚೆರ್ರಿ ಹೂ ಬಿಟ್ಟು ಜನವೋ ಜನ. ಎಲ್ಲ ಕಡೆ ಕರಿದ ಆಲೂಗಡ್ಡೆಯ ವಾಸನೆ. ಅವನು ಉಗುಳು ನುಂಗುತ್ತ ನಡೆದ.

"ತಿನ್ನಬಾರದಾ ಒಂದು?" ಅಂದೆ.

"ನೀವು ತಿಂತಿಲ್ವಲ್ಲ."

ಜಾಕೆಟ್ಟಿನ ಜಿಪ್ ಇನ್ನೊಮ್ಮೆ ಮೇಲೆಳೆದೆ.

"ನಾನು ಕೊಡೋ ಹಾಗಿದ್ರೆ ನಿಮ್ಮ ಹತ್ರ ಬರ್ತಿರಲಿಲ್ಲ ಅಕ್ಕಾ. ಯಾವ ಮುಖ ಇಟ್ಕೊಂಡು ಬರಲಿ. ಅಪ್ಪ ಒಳ್ಳೆಯವರು ಅಂತ ನಾನು ಹೇಳಲ್ಲ. ಅಮ್ಮನ್ನೂ ಅಳಿಸಿದ್ದಾರೆ. ಆದ್ರೆ ನನಗೆ ಇರೋದು ಅವರೊಬ್ಬರೇ."

ಇವನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ರೇಷ್ಮೆ ಸುತ್ತಿಕೊಂಡು ಕೂತಿದ್ದ ಮಗು ಇವನೇ ಎಂದು ನೆನಪಿಸಿಕೊಂಡೆ. ಬರಲಿಲ್ಲ. ಅವನೇ ಆ ಮಾತು ತೆಗೆದ.

"ನನ್ನ ಮೊದಲ ಹುಟ್ಟುಹಬ್ಬದ ದಿನ ನೀವು ಬಂದಿದ್ರಂತೆ. ಅಮ್ಮ ಸಾಯೋ ಮುಂಚೆ ಹೇಳಿದ್ರು. ಅವತ್ತು ಅವರಿಗೆ ಗೊತ್ತಾಗಲೇ ಇಲ್ಲವಂತೆ. ಅತ್ತೆಯರೆಲ್ಲ ಯಾರು ಬಂದಿದ್ದು ಅಂತ ಕೇಳಿದ್ರೆ, ಪಕ್ಕದ ಬೀದಿ ಹುಡುಗಿ, ಕಡುಬು ಕೇಳ್ಕೊಂಡು ಬಂದಿದ್ಲು ಅಂತ ಅಪ್ಪ ಅಂದ್ರಂತೆ."

ಅವನು ಕ್ಷಮೆ ಕೇಳುವ ದನಿಯಲ್ಲಿ ಹೇಳಿದ. ನನಗೆ ಗೊತ್ತಿರುತ್ತದೆ ಎಂದುಕೊಂಡಿದ್ದನೇನೋ.

ಕಡುಬು ಕೇಳಿಕೊಂಡು ಬಂದವಳು.

ಅವನನ್ನು ಬಸ್ಸು ಹತ್ತಿಸಿ ಬಂದು ಎರಡು ಪೊಟ್ಟಣ ರಾಮ್ಯನ್ ನೂಡಲ್ಸ್ ಬೇಯಿಸಿದೆ. ಮೇಲೆ ಚೀಸ್. ಅನ್ನ ಕಲಸಿ ತಳದವರೆಗೆ ತಿಂದೆ.

ಏಪ್ರಿಲ್ 21, ಭಾನುವಾರ

ಅಮ್ಮ ಮನೆಗೆ ಬಂದಳು. ಫ್ರಿಜ್ ತೆಗೆದಳು, ಮುಚ್ಚಿದಳು. ಬಾಗಿಲ ಹಿಂದಿನ ಕೋಳಿ ಡಬ್ಬಗಳನ್ನು ನೋಡಿದಳು.

"ಏನೇ ಇದು?"

ಹೇಳಿದೆ. ಪೂರ್ತಿ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

"ಕೊಬ್ಬು ಏರಿರೋದು ನಿನ್ನ ಲಿವರಿಗಲ್ಲ, ತಲೆಗೆ" ಅಂದಳು. "ಅವನ ಮೇಲಿನ ಸಿಟ್ಟಿಗೆ ನಿನ್ನ ಹೊಟ್ಟೇನ ಹಾಳು ಮಾಡ್ಕೊಳ್ತಿದೀಯಲ್ಲ. ಆಗಲ್ಲ ಅನ್ನೋಕೆ ನಿಂಗೆ ಬಾಯಿಲ್ವಾ?"

"ಅವನು ಕಾಯ್ಬೇಕು ಅಮ್ಮ."

"ಅವನು ಹಾಸಿಗೆ ಮೇಲೆ ಮಲಗಿ ಕಾಯ್ತಾನೆ. ನೀನು ಮೆಟ್ಟಿಲು ಹತ್ತೋಕೂ ಏದುಸಿರು ಬಿಡ್ತಿದೀಯ. ಇದ್ಯಾವ ಸೀಮೆ ಸೇಡೇ?"

ಡಬ್ಬಗಳನ್ನೆಲ್ಲ ಚೀಲಕ್ಕೆ ತುಂಬಿ ತಾನೇ ಕೆಳಗೆ ಒಯ್ದಳು. ಎಪ್ಪತ್ತರ ಹತ್ತಿರದ ಮುದುಕಿ. ನಾನು ಕಿಟಕಿಯಿಂದ ನೋಡುತ್ತ ನಿಂತೆ.

ಬಾಯಿಲ್ವಾ ಅಂದಳು. ಆ ಮನುಷ್ಯನ ಮುಂದೆ ಇಲ್ಲ. ಯಾವತ್ತೂ ಇರಲಿಲ್ಲ. ಅವನೆದುರು ನಿಂತರೆ ಆಗ್ಲಿ ಅನ್ನುತ್ತದೆ ಈ ಬಾಯಿ. ಅದಕ್ಕೇ ಲಿವರ್ ಕೈಲಿ ಹೇಳಿಸುತ್ತಿದ್ದೇನೆ.

ಮೇ 7

ಸಿಯೋಲ್. ಮತ್ತೆ ರಕ್ತ, ಅಲ್ಟ್ರಾಸೌಂಡ್, ಎಂಆರ್‌ಐ. ಜೊತೆಗೆ ಪಕ್ಕೆಗೆ ಮೆಲ್ಲಗೆ ಗುದ್ದಿ ಲಿವರ್ ಎಷ್ಟು ಗಟ್ಟಿಯಾಗಿದೆ ನೋಡುವ ಯಂತ್ರ. ನಾಳೆ ಫಲಿತಾಂಶ. ಆಸ್ಪತ್ರೆ ಎದುರಿನ ಸಣ್ಣ ಕೋಣೆಯಲ್ಲಿ ಉಳಿದಿದ್ದೇನೆ. ತಿನ್ನಲು ಏನೂ ತಂದಿಲ್ಲ.

ಮೇ 8, ಬುಧವಾರ. ಹೆತ್ತವರ ದಿನ

ಕ್ರಮವಾಗಿ ಬರೆಯಬೇಕು.

ನರ್ಸ್ ಬಾಂಗ್ ಜೊತೆ ಈ ಸಲ ಡಾಕ್ಟರೂ ಕೂತಿದ್ದರು. ಕೊಬ್ಬು ಮೂವತ್ತನಾಲ್ಕು. ದಾನಕ್ಕೆ ಆಗುವುದಿಲ್ಲ. ಆಯಿತು, ಗೆದ್ದೆ, ಎಂದು ಏಳಲು ಹೊರಟೆ.

"ಕೂತ್ಕೊಳ್ಳಿ" ಅಂದರು ಡಾಕ್ಟರು. "ಇನ್ನು ನಿಮ್ಮ ತಂದೆ ವಿಷಯ ಅಲ್ಲ, ನಿಮ್ಮದು. ರಕ್ತದಲ್ಲಿ ಉರಿಯೂತ ಕಾಣ್ತಿದೆ. ಲಿವರ್ ಸ್ವಲ್ಪ ಗಟ್ಟಿಯಾಗೋಕೆ ಶುರುವಾಗಿರಬಹುದು. ನಿಮ್ಮೂರಲ್ಲೇ ಪರೀಕ್ಷೆ ಮುಂದುವರಿಸಿ. ಏಳು ವಾರದಲ್ಲಿ ಇಷ್ಟು ಏರೋಕೆ ಏನಾಯ್ತು?"

"ತಿಂದೆ" ಅಂದೆ.

ನರ್ಸ್ ಬಾಂಗ್ ಪೆನ್ನು ಕೆಳಗಿಟ್ಟರು. ಅವರಿಗೆ ಅರ್ಥವಾಯಿತು ಅನ್ನಿಸುತ್ತದೆ. "ಮನೆಯವರಿಗೆ ನಾವೇ ಹೇಳ್ತೀವಿ" ಅಂದರು.

ವಾರ್ಡಿಗೆ ಹೋಗುವ ಅಗತ್ಯ ಇರಲಿಲ್ಲ. ಹೋದೆ. ಮುಖ ನೋಡಬೇಕಿತ್ತು.

ಜಿನ್‌ಮೊ ತಂದ ಹೆತ್ತವರ ದಿನದ ಕೆಂಪು ಕಾರ್ನೇಷನ್ ಹೂ ಆ ಮನುಷ್ಯನ ಅಂಗಿಯ ಮೇಲಿತ್ತು. ಸುದ್ದಿ ಆಗಲೇ ತಲುಪಿತ್ತು. ಜಿನ್‌ಮೊನ ಕಣ್ಣು ಕೆಂಪು. "ಅಕ್ಕಾ, ನೀವು ಇಷ್ಟು ಕಷ್ಟಪಟ್ರಿ..." ಅಂದ.

ಆ ಮನುಷ್ಯ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದ. ನನ್ನ ಕಡೆ ತಿರುಗಿದ.

"ಬೇಜಾರು ಮಾಡ್ಕೋಬೇಡ. ನಿನ್ನ ತಪ್ಪಲ್ಲ. ಏನು ಮಾಡೋದು, ನಮ್ಮ ವಂಶದ ಲಿವರೇ ಹೀಗೆ. ಮಗಳಿಗೂ ನಂದೇ ಬಂದಿದೆ."

ಸಮಾಧಾನ ಹೇಳುತ್ತಿದ್ದಾನೆ. ನನಗೆ. ಮುಖದ ಮೇಲೆ ಹೆಮ್ಮೆಯ ಹಾಗಿನ ಏನೋ. ನನ್ನ ಏಳು ವಾರವನ್ನು ಅವನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ.

ಕತ್ತು ಬಾಗಲು ಹೊರಟಿತ್ತು. ತಡೆದೆ.

"ವಂಶದ್ದಲ್ಲ" ಅಂದೆ. "ಬೇಕಂತ್ಲೇ ತಿಂದೆ. ದಿನಾ ಮೂರು ಹೊತ್ತು. ಈ ಲಿವರ್ ನಿಮಗೆ ಸಿಗಬಾರದು ಅಂತ. ಕನ್ನಡಿ ಹಾಗೆ ಹೊಳೀತಿದ್ರೂ ಕೊಡ್ತಿರಲಿಲ್ಲ. ಆಗಲ್ಲ. ಕೇಳಿಸ್ತಾ? ನಾನು ಕೊಡಲ್ಲ."

ದನಿ ಜೋರಾಗಿರಲಿಲ್ಲ. ಪಕ್ಕದ ಹಾಸಿಗೆಯವರು ಟಿವಿ ಸದ್ದು ಕಡಿಮೆ ಮಾಡಿದರು.

ಆ ಮನುಷ್ಯ ತುಂಬ ಹೊತ್ತು ನನ್ನನ್ನು ನೋಡಿದ. ಸಿಟ್ಟಾಗಲಿ, ಅಳಲಿ, ಬೈಯಲಿ ಎಂದು ಕಾದೆ. ಗೋಡೆ ಕಡೆ ತಿರುಗಿ ಮಲಗಿದ. ಹೂ ಅಡಿಗೆ ಸಿಕ್ಕಿಕೊಂಡಿತು.

ನಾನು ನೋಡದೆ ಇದ್ದದ್ದು ಜಿನ್‌ಮೊನನ್ನು. ನೋಡಿದಾಗ ಅವನು ತನ್ನ ಪ್ಯಾಂಟಿನ ಬೆಲ್ಟು ಹಿಡಿದುಕೊಂಡು ನಿಂತಿದ್ದ. ಸಡಿಲವಾಗಿ ಹೋಗಿದೆಯಲ್ಲ, ಜಾರದ ಹಾಗೆ.

"ಆ ಎಲೆಗಳ ಫೋಟೊ?" ಅಂದ.

ಅವನ ಬೆಲ್ಟಿನ ಮೇಲಿಂದ ಕಣ್ಣು ತೆಗೆದೆ.

"ಹೋಗಿ" ಅಂದ.

ಮೇ 9

ಅಂದುಕೊಂಡದ್ದೆಲ್ಲ ಆಯಿತು. ಬೆಳಿಗ್ಗೆ ಫೋಟೊ ಬರಲಿಲ್ಲ.

ಜೂನ್ 2

ಬಂತು ಮೆಸೇಜು. ಬೆಳಿಗ್ಗೆ ರಕ್ತ ವಾಂತಿಯಾಗಿ ಅಪ್ಪ ಹೋದರಂತೆ. ಕೆಳಗೆ ಇನ್ನೊಂದು ಸಾಲು. "ಅಂತ್ಯಕ್ರಿಯೆ ಹಾಲ್ ಮುಂದಿನ ಬೋರ್ಡಲ್ಲಿ ಮಕ್ಕಳ ಹೆಸರು ಹಾಕ್ತಾರೆ. ನಿಮ್ಮದು ಹಾಕಬೇಕಾ ಬೇಡವಾ, ಈಗಲೇ ಹೇಳಿ." ಅಕ್ಕಾ ಎಂಬ ಮಾತು ಇರಲಿಲ್ಲ.

ಹಾಕು ಎಂದು ಬರೆದೆ. ಪ್ರೀತಿಯಿಂದಲ್ಲ. ಅತ್ತೆಯರೆಲ್ಲ ಓದಲಿ.

ಜೂನ್ 4

ಹೋಗಿ ಬಂದೆ. ಕಪ್ಪು ಬಟ್ಟೆ ಕೊಟ್ಟರು, ಸೊಂಟದಲ್ಲಿ ಬಿಗಿ. ಫೋಟೊದಲ್ಲಿ ಆ ಮನುಷ್ಯ ಟೈ ಕಟ್ಟಿಕೊಂಡು ಸುಖವಾಗಿದ್ದ. ಒಬ್ಬ ಮುದುಕಿ ಹತ್ತಿರ ಬಂದು, "ನೀನ್ಯಾರಮ್ಮ, ಗುರುತು ಸಿಗ್ಲಿಲ್ಲ" ಅಂದಳು. ಬಾಯಿ ತೆರೆದೆ. ಅಷ್ಟರಲ್ಲಿ ಜಿನ್‌ಮೊ, ನನ್ನ ಕಡೆ ನೋಡದೆ, "ನನ್ನ ಅಕ್ಕ" ಅಂದ. ಮುದುಕಿ ವರ್ಷಗಳ ಲೆಕ್ಕ ಹಾಕುತ್ತ ನಿಂತಳು.

ಮೂರು ದಿನದಲ್ಲಿ ಅವನು ನನ್ನ ಜೊತೆ ಆಡಿದ ಮಾತು, "ಅಲ್ಲಿ ಊಟ ಇದೆ." ಕೆಂಪು ಸಾರಿನ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದೆ. ಇಳಿಯಲಿಲ್ಲ.

ಅಳಲಿಲ್ಲ. ಕ್ಷಮಿಸಲೂ ಇಲ್ಲ. ಸತ್ತವನ ಮೇಲೆ ಸಿಟ್ಟು ಮಾಡುವುದು ಎಷ್ಟು ದಂಡದ ಕೆಲಸ. ಆದರೂ ಇದೆ, ಹಾಗೇ ಇದೆ.

ಜೂನ್ 29, ಶನಿವಾರ

ಇಲ್ಲಿನ ಆಸ್ಪತ್ರೆಯಲ್ಲಿ ನನ್ನ ಪರೀಕ್ಷೆ. ತೂಕ ನಾಲ್ಕು ಕಿಲೊ ಕಡಿಮೆ. ರಕ್ತ ಪರವಾಗಿಲ್ಲ. "ಗಟ್ಟಿಯಾದ ಭಾಗ ಇನ್ನೂ ಶುರುವಿನದು. ಹೀಗೇ ಹೋದ್ರೆ ಸರಿಹೋಗುತ್ತೆ" ಅಂದರು ಇಲ್ಲಿನ ಮುದುಕ ಡಾಕ್ಟರು. "ಲಿವರ್ ಸೇಡು ಇಟ್ಕೊಳ್ಳಲ್ಲಮ್ಮ. ಕಾಟ ಕೊಡೋದು ನಿಲ್ಸಿದ್ರೆ ಸಾಕು." ಅವರು ಸುಮ್ಮನೆ ಅಂದದ್ದು. ಬಾಗಿಲವರೆಗೆ ತಲೆ ಎತ್ತಲಾಗಲಿಲ್ಲ.

ಕೆರೆಗೆ ಹೋದೆ. ಹೂವೆಲ್ಲ ಮುಗಿದು ಬರೀ ಎಲೆ. ಒಂದು ಸುತ್ತು ಮುಗಿಯುವಾಗ ಫೋನ್. ಜಿನ್‌ಮೊ. ಅವನಾಗಿ ಮಾಡಿದ್ದು ಆವತ್ತಿನಿಂದ ಇದೇ ಮೊದಲು.

"ಟೆಸ್ಟ್ ಇವತ್ತು ಅಂತ ನಿಮ್ಮಮ್ಮ ಹೇಳಿದ್ರು."

"ಅಮ್ಮ ನಿನಗೆ ಯಾವಾಗ ಸಿಕ್ಕಿದ್ಲು?"

"ಅಂಗಡಿಯಿಂದ ಕಿಮ್ಚಿ ಕಳಿಸಿದ್ರು, ಡಬ್ಬ ವಾಪಸ್ ಕಳಿಸು ಅಂತ ಫೋನ್ ಮಾಡಿ ಬೈದ್ರು. ಏನಂದ್ರು ಡಾಕ್ಟರು?"

ಹೇಳಿದೆ.

"ನಿಮ್ಮ ಮೇಲಿನ ಸಿಟ್ಟು ನನಗೆ ಹೋಗಿಲ್ಲ" ಅಂದ.

"ಇರಲಿ."

"ತುಂಬ ದಿನ ಇರುತ್ತೆ."

"ಇರಲಿ ಬಿಡು. ನನಗೆ ಗೊತ್ತು ಅದು ಹೇಗೆ ಇರುತ್ತೆ ಅಂತ."

ಫೋನ್ ಇಡುತ್ತಾನೆ ಎಂದುಕೊಂಡೆ. ಇಡಲಿಲ್ಲ. ನಾನೇ ಕೇಳಿದೆ.

"ನಿನ್ನ ವೈರಸ್‌ಗೆ ಸ್ಕ್ಯಾನ್ ಮಾಡಿಸ್ತಾ ಇರ್ತೀಯಾ?"

"ಆರು ತಿಂಗಳಿಗೊಮ್ಮೆ. ಯಾಕೆ?"

"ಮುಂದಿನದು ಯಾವಾಗ?"

"ಸೆಪ್ಟೆಂಬರ್. ಯಾಕೆ ಅಂತ ಕೇಳ್ದೆ."

"ಸುಮ್ನೆ."

ಅವನಿಗೂ ಅರ್ಥವಾಯಿತೇನೋ. ಮತ್ತೆ ಯಾಕೆ ಅಂತ ಕೇಳದೆ ಫೋನ್ ಇಟ್ಟ. ಆ ಮನುಷ್ಯನಿಗೆ ಕೊಡದೇ ಇದ್ದದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ, ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಇದು ಬೇರೆ ಮಾತು. ಏನೂ ಆಗದೇ ಇರಬಹುದು. ಅವನು ನೂರು ವರ್ಷ ಬದುಕಬಹುದು. ಆದರೆ ಯಾವತ್ತಾದರೂ ಅವನಿಗೆ ಬೇಕಾಗಿ ಬಂದರೆ, ಇರುವವಳು ನಾನೊಬ್ಬಳೇ, ಆಗ ನನ್ನ ಒಳಗೆ ಕೊಡುವಂಥ ಲಿವರ್ ಇರಬೇಕು.

ಇನ್ನೊಂದು ಸುತ್ತು ಹಾಕಿ ಬಂದು ಬರೆಯುತ್ತೇನೆ. ಬೆಳಕಿನ್ನೂ ಇದೆ. ಶೂ ಕಟ್ಟಿಕೊಂಡಾಯಿತು.